ಹಿತ್ತಲ ಕೋಳಿ ಸಾಕಾಣಿಕೆ: ಹೊಸ ಸಾಕಾಣಿಕೆದಾರರ ಸಾಮಾನ್ಯ ತಪ್ಪುಗಳು ಮತ್ತು ಪರಿಹಾರ ಕ್ರಮಗಳು

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಪೀಠಿಕೆ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು, ಭತ್ತ, ರಾಗಿ ಹಾಗೂ ರೇಷ್ಮೆ ಕೃಷಿಯ ಜೊತೆಗೆ ಹಿತ್ತಲಿನಲ್ಲಿ ಹತ್ತಿಪ್ಪತ್ತು ಕೋಳಿಗಳನ್ನು ಸಾಕುವುದು ರೂಢಿಯಲ್ಲಿದೆ. ಕಡಿಮೆ ಬಂಡವಾಳದ ಈ ಕಸುಬು ಮನೆಯ ಮಹಿಳೆಯರಿಗೆ ನೇರ ಆದಾಯವನ್ನೂ, ಮಕ್ಕಳಿಗೆ ಪೌಷ್ಟಿಕ ಆಹಾರವನ್ನೂ ಒದಗಿಸುತ್ತದೆ. ಆದರೆ ಮರಿಗಳನ್ನು ತಂದ ಮೊದಲ ಎಂಟು ವಾರಗಳಲ್ಲಿ ಆಗುವ ಕೆಲವು ತಪ್ಪುಗಳಿಂದ ಇಡೀ ಹಿಂಡೇ ನಾಶವಾಗುವ ಸಂಭವವಿರುತ್ತದೆ. ಈ ತಪ್ಪುಗಳೆಲ್ಲವೂ ತಡೆಯಬಹುದಾದವು. ಆದ್ದರಿಂದ ಮರಿಗಳಿಗೆ ಅರ್ಜಿ ಸಲ್ಲಿಸುವ ಮುನ್ನವೇ ಈ ಕೆಳಗಿನ ಅಂಶಗಳನ್ನು ಅರಿತು ಸಿದ್ಧತೆ ಮಾಡಿಕೊಳ್ಳುವುದು ಅಗತ್ಯ.

1. ತಳಿಯ ಬಗ್ಗೆ ತಪ್ಪು ತಿಳಿವಳಿಕೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ತಳಿಯು ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆಗಳನ್ನು ಇಡುತ್ತದೆ. ನಂತರ ಬಂದ ಸ್ವರ್ಣಧಾರ ತಳಿಯ ಇಳುವರಿ ಇನ್ನೂ ಹೆಚ್ಚು. ಆದರೆ ಈ ಸುಧಾರಿತ ತಳಿಗಳ ಹೇಂಟೆಗಳು ನಾಟಿ ಹೇಂಟೆಯಂತೆ ಕಾವಿಗೆ ಕೂರುವುದಿಲ್ಲ. ಇವುಗಳ ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿದರೂ ಆ ಮರಿಗಳಲ್ಲಿ ಮೂಲ ತಳಿಯ ಗುಣಗಳು ಪೂರ್ಣವಾಗಿ ಉಳಿಯುವುದಿಲ್ಲ. ಆದುದರಿಂದ ಸುಧಾರಿತ ತಳಿ ಬೇಕಾದವರು ಪ್ರತಿ ಬಾರಿಯೂ ಅಧಿಕೃತ ಕೇಂದ್ರಗಳಿಂದಲೇ ಮರಿಗಳನ್ನು ಪಡೆಯತಕ್ಕದ್ದು.

2. ಮರಿಗಳಿಗೆ ಸಾಕಷ್ಟು ಕಾವು ನೀಡದಿರುವುದು

ತಾಯಿಕೋಳಿಯಿಲ್ಲದ ಮರಿಗಳಿಗೆ ಮೊದಲ ವಾರದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಬೇಕು. ನಂತರ ಪ್ರತಿ ವಾರ ಸುಮಾರು 3 ಡಿಗ್ರಿಯಂತೆ ಇಳಿಸಬಹುದು. ಪ್ರತಿ ಮರಿಗೆ 2 ವ್ಯಾಟ್‌ನಂತೆ, 20 ಮರಿಗಳಿಗೆ 40 ವ್ಯಾಟ್‌ನ ಒಂದು ಬಲ್ಬ್ ಅವಶ್ಯಕ. ಇಂದು ಮನೆಗಳಲ್ಲಿ ಬಳಸುವ ಎಲ್‌ಇಡಿ ಬಲ್ಬುಗಳು ಬೆಳಕು ನೀಡುತ್ತವೆಯೇ ಹೊರತು ಮರಿಗಳಿಗೆ ಬೇಕಾದ ಕಾವು ನೀಡುವುದಿಲ್ಲ. ಹಳೆಯ ಮಾದರಿಯ ತಂತಿ ಬಲ್ಬನ್ನೇ ಬಳಸುವುದು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗೂಡಿದ್ದರೆ ಕಾವು ಸಾಲದೆಂದೂ, ಬಾಯಿ ತೆರೆದು ದೂರ ಸರಿದಿದ್ದರೆ ಕಾವು ಹೆಚ್ಚಾಗಿದೆಯೆಂದೂ, ಸಮನಾಗಿ ಹರಡಿಕೊಂಡಿದ್ದರೆ ಸರಿಯಾಗಿದೆಯೆಂದೂ ತಿಳಿಯಬೇಕು. ವಿದ್ಯುತ್ ಕಡಿತವಾದಾಗ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವನ್ನು ಇಡಬಾರದು. ಅದರ ಹೊಗೆಯು ಮರಿಗಳಿಗೂ ಮನುಷ್ಯರಿಗೂ ಪ್ರಾಣಾಪಾಯಕಾರಿ.

ನೆಲದ ಹಾಸಿಗೆಗೆ ಈ ಭಾಗದ ಅಕ್ಕಿ ಗಿರಣಿಗಳಲ್ಲಿ ದೊರೆಯುವ ಭತ್ತದ ಹೊಟ್ಟು ಸೂಕ್ತ. ಹೊಟ್ಟು ಒದ್ದೆಯಾದರೆ ರಕ್ತಭೇದಿ ರೋಗ ಹರಡುವುದರಿಂದ ಒದ್ದೆಯಾದ ಭಾಗವನ್ನು ಕೂಡಲೇ ತೆಗೆದು ಒಣ ಹೊಟ್ಟನ್ನು ಹಾಕುವುದು.

3. ಭದ್ರವಲ್ಲದ ಗೂಡು

ರಾತ್ರಿ ವೇಳೆ ಕೋಳಿಗಳನ್ನು ಬಿದಿರಿನ ಮಂಕರಿಯಿಂದ ಮುಚ್ಚಿಡುವುದು ಸಾಲದು. ಕಬ್ಬಿನ ಗದ್ದೆಗೆ ಹೊಂದಿಕೊಂಡ ಮನೆಗಳಲ್ಲಿ ಮುಂಗುಸಿ, ಕಾಡುಬೆಕ್ಕು, ಹೆಗ್ಗಣ ಹಾಗೂ ನಾಯಿಗಳ ಕಾಟ ಹೆಚ್ಚು. ಬೆಳೆದ ಕೋಳಿಯೊಂದಕ್ಕೆ 2 ಚದರ ಅಡಿ ಸ್ಥಳವಿರುವಂತೆ, ನೆಲದಿಂದ ಎತ್ತರದಲ್ಲಿ, ಸಣ್ಣ ಕಣ್ಣಿನ ತಂತಿಬಲೆ ಮತ್ತು ಅಗುಳಿಯಿರುವ ಬಾಗಿಲಿನೊಂದಿಗೆ ಗೂಡನ್ನು ನಿರ್ಮಿಸಬೇಕು. ಗಾಳಿಯಾಡುವಂತಿರಬೇಕು, ಮಳೆಯ ಎರಚಲು ಒಳಬರಬಾರದು.

4. ಆಹಾರದಲ್ಲಿ ಅಸಮತೋಲನ

ಮರಿಗಳಿಗೆ ಕೇವಲ ನುಚ್ಚು, ರಾಗಿ ಹಾಕಿದರೆ ಸಸಾರಜನಕದ ಕೊರತೆಯಿಂದ ಬೆಳವಣಿಗೆ ಕುಂಠಿತವಾಗುತ್ತದೆ. ಮೊದಲ ಆರು ವಾರ ಮರಿಗಳ ಸಿದ್ಧ ಆಹಾರವನ್ನೇ ನೀಡುವುದು. ಬೆಳೆದ ಕೋಳಿಗಳು ಹಗಲಿನಲ್ಲಿ ಮೇಯುವುದರಿಂದ, ಸಂಜೆ ಗೂಡಿಗೆ ಸೇರಿಸುವಾಗ ತಲಾ 30ರಿಂದ 50 ಗ್ರಾಂ ನುಚ್ಚು, ತೌಡು ಮತ್ತು ಹಿಂಡಿಯ ಮಿಶ್ರಣ ಸಾಕಾಗುತ್ತದೆ. ಮೊಟ್ಟೆ ಇಡುವ ಹೇಂಟೆಗಳಿಗೆ ಚಿಪ್ಪಿನ ಪುಡಿ ನೀಡದಿದ್ದರೆ ತೆಳು ಚಿಪ್ಪಿನ ಮೊಟ್ಟೆಗಳು ಬರುತ್ತವೆ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ವಿಷಕಾರಿ. ಹರಳು ರೂಪದ ಕೀಟನಾಶಕ ಹಾಕಿದ ಗದ್ದೆಗಾಗಲಿ, ಔಷಧ ಸಿಂಪಡಿಸಿದ ಹಿಪ್ಪುನೇರಳೆ ತೋಟಕ್ಕಾಗಲಿ ಕೋಳಿಗಳನ್ನು ಬಿಡಬಾರದು.

5. ರೋಗ ಬಂದ ನಂತರ ಲಸಿಕೆ ಕೇಳುವುದು

ಹಿತ್ತಲ ಕೋಳಿಗಳ ಸಾವಿಗೆ ಪ್ರಮುಖ ಕಾರಣವಾದ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಚಿಕಿತ್ಸೆಯಿಲ್ಲ. ಮುಂಜಾಗ್ರತಾ ಲಸಿಕೆಯೊಂದೇ ದಾರಿ. ಸಾಮಾನ್ಯ ವೇಳಾಪಟ್ಟಿ ಈ ಕೆಳಗಿನಂತಿದೆ:

• ಮೊದಲ ದಿನ: ಮಾರೆಕ್ಸ್ ರೋಗದ ಲಸಿಕೆ (ಮರಿ ಉತ್ಪಾದನಾ ಕೇಂದ್ರದಲ್ಲಿ)
• 5ರಿಂದ 7ನೇ ದಿನ: ಕೊಕ್ಕರೆ ರೋಗ, ಕಣ್ಣು ಅಥವಾ ಮೂಗಿಗೆ ಹನಿ
• 14ನೇ ದಿನ: ಗಂಬೋರೊ ರೋಗ
• 28ನೇ ದಿನ: ಕೊಕ್ಕರೆ ರೋಗ, ಕುಡಿಯುವ ನೀರಿನಲ್ಲಿ
• 6ನೇ ವಾರ: ಕೋಳಿ ಸಿಡುಬು
• 8ನೇ ವಾರ: ಕೊಕ್ಕರೆ ರೋಗ, ಚುಚ್ಚುಮದ್ದು

ಬೆಳೆದ ಮರಿಗಳನ್ನು ಪಡೆಯುವವರು ಯಾವ ಲಸಿಕೆಗಳು ಆಗಿವೆ, ಯಾವುವು ಬಾಕಿ ಇವೆ ಎಂಬುದನ್ನು ಅಂದೇ ಕೇಳಿ ಬರೆದಿಟ್ಟುಕೊಳ್ಳಬೇಕು. ಲಸಿಕೆಯ ಒಂದು ಬಾಟಲಿಯಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವಷ್ಟು ಔಷಧವಿರುತ್ತದೆ. ಒಮ್ಮೆ ಕರಗಿಸಿದ ಲಸಿಕೆಯನ್ನು ಒಂದೆರಡು ಗಂಟೆಗಳೊಳಗೆ ಮುಗಿಸಲೇಬೇಕಾದ ಕಾರಣ, ಒಂದೇ ಬೀದಿಯ ಅಥವಾ ಸ್ವಸಹಾಯ ಸಂಘದ ಸದಸ್ಯರು ಒಟ್ಟಾಗಿ ದಿನ ಗೊತ್ತುಮಾಡಿಕೊಳ್ಳುವುದು ಸೂಕ್ತ. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ಸಾಗಿಸಬೇಕು. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಬೆರೆಸಬಾರದು.

6. ಹೊಸ ಕೋಳಿಗಳನ್ನು ಹಳೆಯವುಗಳೊಂದಿಗೆ ಬೆರೆಸುವುದು

ಯುಗಾದಿಯ ಹೊಸತೊಡಕು, ಮಾರಮ್ಮನ ಹಬ್ಬಗಳ ಸಮಯದಲ್ಲಿ ಸಂತೆಗಳಿಂದ ಊರೂರಿಗೆ ಕೋಳಿಗಳು ಸಾಗುತ್ತವೆ. ಸಂತೆಯಿಂದ ತಂದ ಅಥವಾ ಮಾರಾಟವಾಗದೆ ಮರಳಿ ತಂದ ಕೋಳಿಗಳನ್ನು ಕನಿಷ್ಠ ಎರಡು ವಾರ ಪ್ರತ್ಯೇಕವಾಗಿ ಇರಿಸಿ, ನಂತರವೇ ಹಿಂಡಿಗೆ ಸೇರಿಸತಕ್ಕದ್ದು.

7. ಸಾವನ್ನು ಮರೆಮಾಚುವುದು

ನೆರೆಯ ಮೈಸೂರಿನಲ್ಲಿ 2020ರ ಮಾರ್ಚ್ ತಿಂಗಳಿನಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಕೋಳಿಗಳು ಹಠಾತ್ತನೆ ಸಾಯತೊಡಗಿದರೆ ಉಳಿದವನ್ನು ಅವಸರದಲ್ಲಿ ಮಾರುವುದು, ಸತ್ತವನ್ನು ನಾಲೆಗೆ ಅಥವಾ ಕೆರೆಗೆ ಎಸೆಯುವುದು, ಅಡುಗೆಗೆ ಬಳಸುವುದು ಇಡೀ ಗ್ರಾಮಕ್ಕೆ ಅಪಾಯ ತರುತ್ತದೆ. ಬರಿಗೈಯಲ್ಲಿ ಮುಟ್ಟದೆ, ಕೂಡಲೇ ಪಶುವೈದ್ಯಾಧಿಕಾರಿಗಳಿಗೆ ತಿಳಿಸಬೇಕು. ಅವರ ಪರಿಶೀಲನೆಯ ನಂತರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು.

ಸೇವೆಗಾಗಿ ಸಂಪರ್ಕ

ಮರಿಗಳ ವಿತರಣೆಯು ಆಯಾ ವರ್ಷದ ಅನುದಾನ ಮತ್ತು ಮಾರ್ಗಸೂಚಿಗಳಿಗೆ ಒಳಪಟ್ಟಿರುತ್ತದೆ. ಅರ್ಜಿ, ಲಸಿಕೆ ಹಾಗೂ ತರಬೇತಿಯ ವಿವರಗಳಿಗೆ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಅಥವಾ ತಾಲ್ಲೂಕು ಕೇಂದ್ರದಲ್ಲಿರುವ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು. ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಮಾರ್ಗದರ್ಶನ ಪಡೆಯಬಹುದು. ತುರ್ತು ಪಶುವೈದ್ಯ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಗೂಡು, ಬಲ್ಬು ಮತ್ತು ಆಹಾರ ಸಿದ್ಧವಾದ ನಂತರವೇ ಮರಿಗಳನ್ನು ಮನೆಗೆ ಕೊಂಡೊಯ್ಯಬೇಕೆಂದು ಕೋರಲಾಗಿದೆ.