ಉಗುರಿನಷ್ಟು ಮುಖ

ಅಮ್ಮ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಟ್ರಂಕು, ಬೀರುಗಳನ್ನೆಲ್ಲ ಹುಡುಕಿದರೂ ಅವಳೊಬ್ಬಳೇ ಇರುವ ಪಟ ಸಿಗಲಿಲ್ಲ. ಸಿಕ್ಕಿದ್ದು ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋ. ಹಿಂದಿನ ಸಾಲಿನಲ್ಲಿ, ಯಾರದೋ ಪೇಟದ ಮರೆಯಲ್ಲಿ, ಉಗುರಿನಷ್ಟು ಮುಖ. ಸ್ಟುಡಿಯೋದವರು ಅದನ್ನೇ ದೊಡ್ಡದು ಮಾಡಿಕೊಟ್ಟರು. ದೊಡ್ಡದಾದಷ್ಟೂ ಮಸುಕಾಯಿತು. ಕಣ್ಣು ಯಾವುದು, ನೆರಳು ಯಾವುದು ತಿಳಿಯದ ಆ ಪಟಕ್ಕೇ ಇಂದಿಗೂ ಹೂ ಮುಡಿಸುತ್ತೇವೆ.

ಆ ಕೊರಗೇ ಇರಬೇಕು, ಐವತ್ತು ದಾಟಿದ ಮೇಲೆ ಮಗನ ಹಳೆಯ ಕ್ಯಾಮೆರಾ ಕೈಗೆತ್ತಿಕೊಂಡೆ. "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಟೀಚರ್?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ನನಗೆ ಧೈರ್ಯ ಕೊಟ್ಟವಳು ಜೂಲಿಯಾ ಮಾರ್ಗರೆಟ್ ಕ್ಯಾಮರನ್. ಹೆಸರಿನಲ್ಲೇ ಕ್ಯಾಮೆರಾ ಇಟ್ಟುಕೊಂಡವಳು!

1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈಕೆ ಸಂಸಾರ, ಮಕ್ಕಳು, ಅತಿಥಿಗಳ ಉಪಚಾರದಲ್ಲೇ ಬಹುಪಾಲು ಆಯುಷ್ಯ ಕಳೆದಿದ್ದಳು. 1863ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿದ್ದಾಗ, ಹೊತ್ತು ಹೋಗಲೆಂದು ಮಗಳು ಅಳಿಯ ಒಂದು ಕ್ಯಾಮೆರಾ ಕೊಟ್ಟರು. ಆಗ ಅವಳಿಗೆ 48. ಕಲ್ಲಿದ್ದಲಿನ ಕೋಣೆ ಡಾರ್ಕ್‌ರೂಮ್ ಆಯಿತು. ಕೋಳಿಮನೆಗೆ ಗಾಜು ಹಾಕಿಸಿ ಸ್ಟುಡಿಯೋ ಮಾಡಿಕೊಂಡಳು. ಗಾಜಿನ ಹಲಗೆಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿದ್ದ ಕಾಲ. ಕೂತವರು ನಿಮಿಷಗಟ್ಟಲೆ ಅಲ್ಲಾಡುವಂತಿರಲಿಲ್ಲ. 1864ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಮುಖ ಮೂಡಿಬಂದಾಗ ಅದನ್ನೇ ತನ್ನ ಮೊದಲ ಗೆಲುವೆಂದಳು.

ಅಂದಿನ ಸ್ಟುಡಿಯೋಗಳಲ್ಲಿ ಕಂಬ, ಪರದೆಗಳ ಪಕ್ಕ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ಪುಟ್ಟ ಪಟ ತೆಗೆಯುವುದು ರೂಢಿ. ಇವಳು ಹತ್ತಿರ ಹೋದಳು. ಒಂದು ಕಡೆಯ ಬೆಳಕು, ಕಪ್ಪು ಹಿನ್ನೆಲೆ, ಚೌಕಟ್ಟಿನ ತುಂಬ ಮುಖ. 15×12 ಇಂಚಿನ ಗಾಜು ಬಳಸತೊಡಗಿದ ಮೇಲೆ ಮುಖಗಳು ಹೆಚ್ಚುಕಡಿಮೆ ನಿಜದಷ್ಟೇ ದೊಡ್ಡದಾದವು. ಮನೆಗೆಲಸದ ಮೇರಿ ಹಿಲಿಯರ್ ತಲೆಗೆ ಬಟ್ಟೆ ಹೊದ್ದು ಮಗುವಿನೊಂದಿಗೆ ಕೂತರೆ ಏಸುವಿನ ತಾಯಿ. ಪಕ್ಕಕ್ಕೆ ತಿರುಗಿದರೆ ಗ್ರೀಕ್ ಕವಯಿತ್ರಿ ಸ್ಯಾಫೋ. ತಂಗಿಯ ಮಗಳು ಜೂಲಿಯಾ ಜಾಕ್ಸನ್‌ಳನ್ನು (ಮುಂದೆ ಇವಳೇ ಲೇಖಕಿ ವರ್ಜೀನಿಯಾ ವುಲ್ಫ್‌ಳ ತಾಯಿ) ನೇರವಾಗಿ, ಪಕ್ಕದಿಂದ, ಮತ್ತೆ ಮತ್ತೆ ತೆಗೆದಳು. ಡಾರ್ವಿನ್, ಟೆನಿಸನ್‌ರಂಥವರೂ ಅವಳೆದುರು ಕೂತರು. ಚಿತ್ರಗಳು ಮಸುಕು, ಕಲೆಗಳಿವೆ ಎಂದು ವಿಮರ್ಶಕರು ಹಂಗಿಸಿದರು. ಆಕೆ ಬಗ್ಗಲಿಲ್ಲ. 1868ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಅವಳ ಕೆಲಸಕ್ಕೆ ಎರಡು ಕೋಣೆ ಬಿಟ್ಟುಕೊಟ್ಟಿತು. 1879ರಲ್ಲಿ ಸಿಲೋನಿನಲ್ಲಿ ತೀರಿಕೊಂಡಳು.

ಅವಳ ಚಿತ್ರಗಳ ಮಸುಕಿನಲ್ಲೂ ಮನುಷ್ಯರು ಕಾಣುತ್ತಾರೆ. ಅಮ್ಮನ ಪಟದ್ದು ಬೇರೆ ಮಸುಕು. ಯಾರೂ ಹತ್ತಿರ ಹೋಗಿ ನೋಡದ್ದರಿಂದ ಬಂದದ್ದು. ನಾನಾದರೂ ನೋಡಿದ್ದೆನೇ?

ನನ್ನ ಅಭ್ಯಾಸಕ್ಕೆ ಸಿಕ್ಕಿದವಳು ಅಕ್ಕ. ಮೊದಲು ಅಂಗಳದ ಕ್ರೋಟನ್ ಕುಂಡದ ಪಕ್ಕ ನಿಲ್ಲಿಸಿದೆ. ಕೈ ಜೋತುಬಿಟ್ಟು ಕಂಬದಂತೆ ನಿಂತಳು. ಕುರ್ಚಿಯಲ್ಲಿ ಕೂರಿಸಿದರೂ ಅದೇ ಬಿಗಿ. ಒಂದು ದಿನ ಅಡುಗೆಮನೆ ಕಿಟಕಿಯ ಬಳಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಒಲೆ, ಡಬ್ಬಗಳನ್ನೆಲ್ಲ ಚೌಕಟ್ಟಿನಿಂದ ಹೊರಗೆ ಬಿಟ್ಟು ಹತ್ತಿರ ಹೋದೆ.

"ನನ್ನ ಮುಖದಲ್ಲಿ ಸುಕ್ಕು ಬಿಟ್ಟು ಏನಿದೆಯೇ?" ಎನ್ನುತ್ತಾ ಕಿಟಕಿಯತ್ತ ತಿರುಗಿದಳು. ಆಗ ಒತ್ತಿದೆ.

ಪ್ರಿಂಟು ತಂದುಕೊಟ್ಟಾಗ ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಅಮ್ಮ ಹೀಗೇ ಇದ್ದಳು ಕಣೇ," ಎಂದಳು.