ಬಹುಡಿಸ್ಕ್ ಡಿವಿಡಿ ಪ್ಲೇಯರ್ ಮತ್ತು ಹೋಮ್ ಥಿಯೇಟರ್: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ

ಬಹುಡಿಸ್ಕ್ ಡಿವಿಡಿ ಪ್ಲೇಯರ್ ಎಂದರೆ ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಒಳಗಿಟ್ಟುಕೊಂಡು, ನೋಡುವವರು ಕೇಳಿದ್ದನ್ನು ತಾನೇ ಆರಿಸಿ ತೋರಿಸುವ ಯಂತ್ರ. ಮೂರು ಅಥವಾ ಐದು ಡಿಸ್ಕ್‌ಗಳ ಸಾಧಾರಣ ಮಾದರಿಗಳಿಂದ ನಾನೂರು ಡಿಸ್ಕ್‌ಗಳ ದುಬಾರಿ ಮಾದರಿಗಳವರೆಗೆ ಇದರ ವ್ಯಾಪ್ತಿ. ಆರು ಸ್ಪೀಕರುಗಳ ಹೋಮ್ ಥಿಯೇಟರ್ ವ್ಯವಸ್ಥೆಯ ಜೊತೆ ಸೇರಿ ಇದು ಸುಮಾರು 2000ದಿಂದ 2010ರವರೆಗೆ ಅನುಕೂಲಸ್ಥರ ಮನೆಗಳಲ್ಲಿ ಪ್ರತಿಷ್ಠೆಯ ವಸ್ತುವಾಗಿತ್ತು. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳಲ್ಲಿ ಈ ಯಂತ್ರಕ್ಕೆ ನೆಲೆ ಒದಗಿಸಿದ್ದು ವಿಸಿಡಿ (ವಿಡಿಯೋ ಸಿಡಿ) ಬಳಕೆ. ಇಲ್ಲಿನ ಸಿನಿಮಾ ನಂಟು ಮಾತ್ರ ಅದಕ್ಕಿಂತ ಹಳೆಯದು.

ಸೀಮೆ ಮತ್ತು ಸಿನಿಮಾ

ಹುಣಸೂರು, ಪಿರಿಯಾಪಟ್ಟಣಗಳು ಮೈಸೂರು–ಬಂಟ್ವಾಳ ಹೆದ್ದಾರಿಯಲ್ಲಿವೆ. ಕೃಷ್ಣರಾಜನಗರ ಕಾವೇರಿ ಬಯಲಿನ ಭತ್ತದ ನಾಡು. ಹೆಗ್ಗಡದೇವನಕೋಟೆ ಕಬಿನಿ ಜಲಾಶಯ ಮತ್ತು ನಾಗರಹೊಳೆ ಕಾಡಿನ ಮಗ್ಗುಲಿನ ತಾಲ್ಲೂಕು. ಕನ್ನಡ ಚಿತ್ರರಂಗಕ್ಕೆ ಈ ಸೀಮೆಯ ಕೊಡುಗೆ ದೊಡ್ಡದು. ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಭ್ರುವಾಹನ’ (1977) ಚಿತ್ರಗಳ ನಿರ್ದೇಶಕರು ಹುಣಸೂರು ಕೃಷ್ಣಮೂರ್ತಿ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಕಾದಂಬರಿಕಾರ ಚದುರಂಗರು ತಮ್ಮ ‘ಸರ್ವಮಂಗಳಾ’ವನ್ನು 1968ರಲ್ಲಿ ತಾವೇ ತೆರೆಗೆ ತಂದರು. ‘ಗೆಜ್ಜೆ ಪೂಜೆ’, ‘ಶರಪಂಜರ’, ‘ನಾಗರಹಾವು’ ಚಿತ್ರಗಳ ಪುಟ್ಟಣ್ಣ ಕಣಗಾಲ್ ಮತ್ತು ಅವರ ಅಣ್ಣ, ಗೀತರಚನಕಾರ ಕಣಗಾಲ್ ಪ್ರಭಾಕರ ಶಾಸ್ತ್ರಿ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಇಷ್ಟು ಹೆಸರುಗಳನ್ನು ಕೊಟ್ಟ ನೆಲದಲ್ಲೂ ಬಹುಕಾಲ ಸಿನಿಮಾ ಎಂದರೆ ತಾಲ್ಲೂಕು ಕೇಂದ್ರದ ಟಾಕೀಸು ಅಥವಾ ಊರಿಗೆ ಬರುವ ಟೆಂಟು. ಒಮ್ಮೆ ಬಿಟ್ಟರೆ ಅದೇ ಚಿತ್ರವನ್ನು ನೋಡಲು ಅದು ಮರಳಿ ಬರುವವರೆಗೆ ಕಾಯಬೇಕಿತ್ತು.

ಪೂರ್ವೇತಿಹಾಸ: ‘ಡೆಕ್ಕು’ ಮತ್ತು ಕ್ಯಾಸೆಟ್

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಮರುವರ್ಷ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶದಲ್ಲಿ ಬಣ್ಣದ ಪ್ರಸಾರ ಶುರುವಾಯಿತು. ಅದೇ ಕಾಲದಲ್ಲಿ ವಿದೇಶಗಳಿಂದ ವಿಡಿಯೋ ಕ್ಯಾಸೆಟ್ ಓಡಿಸುವ ವಿಸಿಆರ್‌ಗಳು ಬರತೊಡಗಿದವು. ಜಪಾನಿನ ಜೆವಿಸಿ 1976ರಲ್ಲಿ ತಂದ ವಿಎಚ್‌ಎಸ್ ಕ್ಯಾಸೆಟ್ಟೇ ಮುಂದೆ ಎಲ್ಲೆಡೆ ನಿಂತಿತು. ಬೆಂಗಳೂರಿನಲ್ಲಿ ನೆಲೆಯೂರಿದ್ದ ಬಿಪಿಎಲ್ ಸಂಸ್ಥೆಯ ಟಿವಿ ಮತ್ತು ವಿಸಿಆರ್‌ಗಳು ಕರ್ನಾಟಕದ ಮನೆಗಳಿಗೆ ಪರಿಚಿತವಾದವು.

ಹಳ್ಳಿಯಲ್ಲಿ ವಿಸಿಆರ್ ‘ಡೆಕ್ಕು’ ಎಂದೇ ಹೆಸರಾಯಿತು. ಅದನ್ನು ಕೊಳ್ಳುವವರು ಕಡಿಮೆ, ಬಾಡಿಗೆಗೆ ತರುವವರೇ ಹೆಚ್ಚು. ಹಬ್ಬ, ಗೃಹಪ್ರವೇಶ, ಗಣಪತಿ ಕೂರಿಸಿದ ದಿನಗಳಲ್ಲಿ ಟಿವಿ, ಡೆಕ್ಕು ಮತ್ತು ಮೂರು ನಾಲ್ಕು ಕ್ಯಾಸೆಟ್‌ಗಳನ್ನು ಒಂದು ರಾತ್ರಿಗೆ ತಂದು, ಜಗಲಿಯ ಮೇಲಿಟ್ಟು ಬೆಳಗಿನ ಜಾವದವರೆಗೆ ಇಡೀ ಬೀದಿ ನೋಡುತ್ತಿತ್ತು. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ವಿಡಿಯೋ ಕ್ಯಾಸೆಟ್ಟಿನ ಮೇಲೆ ತಯಾರಕರ ವಿವರ ಮತ್ತು ಸೆನ್ಸಾರ್ ಪ್ರಮಾಣಪತ್ರದ ಪ್ರತಿ ಇರಬೇಕೆಂಬ ನಿಯಮ ಬಂತು.

ಡಿಸ್ಕ್‌ನ ಬೆಳವಣಿಗೆ

ಬೆಳಕಿನಿಂದ ಓದುವ ಮೊದಲ ಚಿತ್ರತಟ್ಟೆ ಲೇಸರ್‌ಡಿಸ್ಕ್. ಅದು 1978ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಮೂವತ್ತು ಸೆಂಟಿಮೀಟರ್ ಅಗಲದ ಆ ತಟ್ಟೆ ಭಾರತದ ಮನೆಗಳನ್ನು ಹೆಚ್ಚಾಗಿ ಮುಟ್ಟಲಿಲ್ಲ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸೇರಿ ರೂಪಿಸಿದ ಹನ್ನೆರಡು ಸೆಂಟಿಮೀಟರಿನ ಆಡಿಯೋ ಸಿಡಿ 1982ರಲ್ಲಿ ಜಪಾನಿನಲ್ಲಿ ಹೊರಬಂತು. ಅದೇ ಅಳತೆಯ ತಟ್ಟೆಯಲ್ಲಿ ಚಿತ್ರವನ್ನೂ ತುಂಬುವ ವಿಸಿಡಿಯ ಮಾನಕ 1993ರಲ್ಲಿ ಸಿದ್ಧವಾಯಿತು.

ಡಿವಿಡಿ ರೂಪುಗೊಳ್ಳುವಾಗ ಎರಡು ಬಣಗಳಿದ್ದವು: ಒಂದೆಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದೆಡೆ ತೋಷಿಬಾ, ಮತ್ಸುಶಿತಾ, ಟೈಮ್ ವಾರ್ನರ್ ಮೊದಲಾದವು. 1995ರಲ್ಲಿ ಎರಡೂ ಬಣಗಳು ಒಂದೇ ಮಾನಕಕ್ಕೆ ಒಪ್ಪಿದವು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರ್ ಮಾರಾಟವಾಯಿತು. ವಿಸಿಡಿಯ ಚಿತ್ರ 352×288 ಚುಕ್ಕಿಗಳದ್ದು, ಡಿವಿಡಿಯದ್ದು 720×576. ಅಂದರೆ ಸುಮಾರು ನಾಲ್ಕು ಪಟ್ಟು ವಿವರ. ಸಿಡಿಯ ಅವಕೆಂಪು ಕಿರಣದ ಜಾಗದಲ್ಲಿ 650 ನ್ಯಾನೋಮೀಟರಿನ ಕೆಂಪು ಕಿರಣ ಬಳಸಿ ಗುಳಿಗಳನ್ನು ಇನ್ನಷ್ಟು ಒತ್ತಾಗಿ ಬರೆದುದರಿಂದ ಒಂದು ಪದರದಲ್ಲಿ 4.7 ಗಿಗಾಬೈಟ್, ಎರಡು ಪದರಗಳಲ್ಲಿ 8.5 ಗಿಗಾಬೈಟ್ ಹಿಡಿಯಿತು. ಚಿತ್ರದ ಜೊತೆಗೆ ಆರು ವಾಹಿನಿಗಳ ಡಾಲ್ಬಿ ಅಥವಾ ಡಿಟಿಎಸ್ ಧ್ವನಿಯೂ ಅದೇ ತಟ್ಟೆಯಲ್ಲಿ ಬಂದದ್ದು ಹೋಮ್ ಥಿಯೇಟರ್ ಕಲ್ಪನೆಗೆ ಜೀವ ತುಂಬಿತು.

ಬಹುಡಿಸ್ಕ್ ಯಂತ್ರಗಳು

ತಟ್ಟೆಯನ್ನು ತಾನೇ ಬದಲಿಸುವ ಯಂತ್ರದ ಆಸೆ ಗ್ರಾಮಫೋನ್ ಕಾಲದ್ದು. ಅಮೆರಿಕದ ವಿಕ್ಟರ್ ಕಂಪನಿ 1927ರಲ್ಲೇ ರೆಕಾರ್ಡ್ ಬದಲಿಸುವ ಗ್ರಾಮಫೋನ್ ಮಾರಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಪಯನಿಯರ್ ಸಂಸ್ಥೆ ಆರು ಸಿಡಿಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ಒಳಗೆ ತಳ್ಳುವ ವಿಧಾನ ತಂದಿತು. ಮುಂದೆ ಮೂರು ಬಗೆಗಳು ನಿಂತವು.

ಮೊದಲನೆಯದು ಈ ಪೆಟ್ಟಿಗೆಯ ಬಗೆ. ಇದು ಕಾರುಗಳಲ್ಲಿ ಹೆಚ್ಚು ಉಳಿಯಿತು. ಎರಡನೆಯದು ತಿರುಗು ಟ್ರೇ. ಅಗಲವಾದ ಟ್ರೇಯಲ್ಲಿ ಮೂರು ಅಥವಾ ಐದು ಡಿಸ್ಕ್‌ಗಳನ್ನು ಮಲಗಿಸಲಾಗುತ್ತದೆ. ಕೇಳಿದ ಡಿಸ್ಕ್ ಲೇಸರ್ ಕಣ್ಣಿನ ಮೇಲಕ್ಕೆ ಬಂದು ನಿಲ್ಲುತ್ತದೆ. ಒಂದು ಓಡುತ್ತಿರುವಾಗಲೇ ಉಳಿದವನ್ನು ಬದಲಿಸುವ ಅನುಕೂಲ ಇದರ ಹೆಗ್ಗಳಿಕೆ. ಮನೆಗಳಲ್ಲಿ ಹೆಚ್ಚು ಕಂಡದ್ದು ಇದೇ. ಮೂರನೆಯದು ಮಹಾಸಂಗ್ರಹದ ಬಗೆ: ಡಿಸ್ಕ್‌ಗಳನ್ನು ನೇರವಾಗಿ ನಿಲ್ಲಿಸಿದ ದೊಡ್ಡ ಚಕ್ರ ತಿರುಗಿ ಬೇಕಾದದ್ದನ್ನು ಮುಂದಕ್ಕೆ ತರುತ್ತದೆ. ಪಯನಿಯರ್ ಸಂಸ್ಥೆಯ ಡಿವಿ-ಎಫ್727 ಮುನ್ನೂರೊಂದು ಡಿಸ್ಕ್ ಹಿಡಿಯುತ್ತಿತ್ತು. ಸೋನಿಯ ಡಿವಿಪಿ-ಸಿಎಕ್ಸ್777ಇಎಸ್ ಮತ್ತು ಎಚ್‌ಡಿಎಂಐ ಜೋಡಣೆಯಿದ್ದ ಡಿವಿಪಿ-ಸಿಎಕ್ಸ್995ವಿ ತಲಾ ನಾನೂರು ಡಿಸ್ಕ್ ಹಿಡಿಯುತ್ತಿದ್ದವು.

ಇಂಥ ದೊಡ್ಡ ಯಂತ್ರಗಳು ಮುಖ್ಯವಾಗಿ ಅಮೆರಿಕದ ಮಾರುಕಟ್ಟೆಗಾಗಿ ತಯಾರಾದವು. ಅಲ್ಲಿಂದ ಊರಿಗೆ ತಂದರೆ ಮೂರು ತೊಡಕುಗಳು ಎದುರಾಗುತ್ತಿದ್ದವು. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮದು 230. ಹಾಗಾಗಿ ಇಳಿಕೆ ಟ್ರಾನ್ಸ್‌ಫಾರ್ಮರ್ ಬೇಕು. ಡಿವಿಡಿಯ ವಲಯ ಪದ್ಧತಿಯಲ್ಲಿ ಅಮೆರಿಕದ ಡಿಸ್ಕ್‌ಗಳದು ಒಂದನೇ ವಲಯ, ಭಾರತದ್ದು ಐದನೇ ವಲಯ. ಯಂತ್ರದ ವಲಯ ಬೀಗ ತೆಗೆಯದೆ ಇಲ್ಲಿನ ವಲಯದ ಡಿಸ್ಕ್ ಓಡದು. ಅಲ್ಲಿನ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ಇಲ್ಲಿನದು ಪಾಲ್. ಈ ಕಾರಣಗಳಿಂದ ನಾನೂರು ಡಿಸ್ಕ್‌ನ ಯಂತ್ರ ನಮ್ಮ ಕಡೆ ವಿರಳ ವಸ್ತುವಾಗಿಯೇ ಉಳಿಯಿತು.

ನಾಲ್ಕು ತಾಲ್ಲೂಕುಗಳಲ್ಲಿ ಬಳಕೆ

ಈ ಸೀಮೆಯಲ್ಲಿ ಡಿಸ್ಕ್ ಎಂದರೆ ಮೊದಲು ವಿಸಿಡಿ. ಜನರ ಬಾಯಲ್ಲಿ ‘ಸೀಡಿ’. ಒಂದು ವಿಸಿಡಿಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ. ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಎರಡು, ಕೆಲವೊಮ್ಮೆ ಮೂರು ಡಿಸ್ಕ್ ಬೇಕಾಗುತ್ತಿತ್ತು. ಕಥೆ ಬಿಗಿಯಾದ ಹೊತ್ತಿಗೆ ಎದ್ದು ಡಿಸ್ಕ್ ಬದಲಿಸಬೇಕಾದ ಮನೆಯಲ್ಲಿ ಮೂರು ಡಿಸ್ಕ್‌ನ ಯಂತ್ರಕ್ಕೆ ನಿಜವಾದ ಬೆಲೆಯಿತ್ತು. ಸಿರಿವಂತ ದೇಶಗಳಲ್ಲಿ ಬಹುಡಿಸ್ಕ್ ಯಂತ್ರ ಬೆಳೆದದ್ದು ಸಂಗ್ರಹ ದೊಡ್ಡದಾದುದರಿಂದ. ಇಲ್ಲಿ ಅದು ಬೇಕಾದದ್ದು ಒಂದೇ ಚಿತ್ರ ಹಲವು ತಟ್ಟೆಗಳಲ್ಲಿ ಹಂಚಿಹೋಗಿದ್ದರಿಂದ. ಇದು ಈ ಇತಿಹಾಸದ ಮುಖ್ಯ ವ್ಯತ್ಯಾಸ.

ಕೊಳ್ಳುವ ಶಕ್ತಿ ಬೆಳೆಯನ್ನು ಅವಲಂಬಿಸಿತ್ತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳು ವರ್ಜೀನಿಯಾ ಹೊಗೆಸೊಪ್ಪಿನ ತಾಲ್ಲೂಕುಗಳು. ಕರ್ನಾಟಕದಲ್ಲಿ ತಂಬಾಕು ಮಂಡಳಿ 1984ರಲ್ಲಿ ಹರಾಜು ಪದ್ಧತಿ ಆರಂಭಿಸಿತು. ಬ್ಯಾರನ್ ಎಂಬ ಒಣಗೂಡಿನಲ್ಲಿ ಬೇಯಿಸಿದ ಸೊಪ್ಪು ಹರಾಜಿಗೆ ಹೋಗಿ ರೈತರ ಕೈಗೆ ದುಡ್ಡು ಬರುವುದು ದಸರಾದ ಆಸುಪಾಸಿನಿಂದ. ಕೆ.ಆರ್. ನಗರದ ಕಡೆ ಅದು ಭತ್ತದ ಕೊಯ್ಲಿನ ನಂತರದ ಕಾಲ. ಹಬ್ಬ, ಮದುವೆ ಮತ್ತು ಬೆಳೆಯ ಹಣ ಒಟ್ಟಿಗೆ ಕೂಡಿದ ತಿಂಗಳುಗಳಲ್ಲಿ ಟಿವಿ, ಪ್ಲೇಯರ್, ಹೋಮ್ ಥಿಯೇಟರ್ ಮನೆ ಸೇರುತ್ತಿದ್ದವು. ಮೇಲ್ದರ್ಜೆಯ ಸೆಟ್ಟು ಬೇಕೆಂದವರು ಮೈಸೂರಿನ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆಗಳ ಅಂಗಡಿಗಳಿಗೆ ಹೋಗಬೇಕಿತ್ತು.

ಬಾಡಿಗೆಯಿಂದ ಒಡೆತನದ ಕಡೆಗೆ ಜನರನ್ನು ತಂದದ್ದು ಬೆಲೆ. ಖಾಲಿ ಡಿಸ್ಕ್ ತಯಾರಿಕೆಯಲ್ಲಿ ಹೆಸರಾಗಿದ್ದ ಮೋಸರ್ ಬೇರ್ 2007ರಲ್ಲಿ ಸಿನಿಮಾ ಡಿಸ್ಕ್‌ಗಳಿಗೆ ಕೈಹಾಕಿ, ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಇಟ್ಟಿತು. ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಗಳು ಈ ಬೆಲೆಗೆ ಸಿಕ್ಕವು. ಟಾಕೀಸಿನಲ್ಲಿ ಒಂದೆರಡು ಸಲ ನೋಡಿದ ಚಿತ್ರವನ್ನು ಸಾಧಾರಣ ಕುಟುಂಬವೂ ಶೋಕೇಸಿನಲ್ಲಿ ಇಟ್ಟುಕೊಳ್ಳಬಹುದಾದ ಕಾಲ ಅದು. ಸಿನಿಮಾ ಪ್ರೇಕ್ಷಕನ ಸ್ವತ್ತಾದದ್ದು ಆಗಲೇ.

ಹೋಮ್ ಥಿಯೇಟರ್ ಜೋಡಣೆ

ಹೋಮ್ ಥಿಯೇಟರಿನಲ್ಲಿ 5.1 ಎಂದರೆ ಐದು ಸ್ಪೀಕರು ಮತ್ತು ಒಂದು ಸಬ್‌ವೂಫರ್. ಮಾತು ಬರುವ ನಡುವಿನ ಸ್ಪೀಕರು ಟಿವಿಯ ಕೆಳಗೆ, ಎಡಬಲದವು ಕುಳಿತವರ ಎದುರಿಗೆ ಸುಮಾರು 30 ಡಿಗ್ರಿ ಕೋನದಲ್ಲಿ, ಹಿಂಬದಿಯವು ಸುಮಾರು 110 ಡಿಗ್ರಿಯಲ್ಲಿ ಇರಬೇಕು. ಸಬ್‌ವೂಫರ್ ತಗ್ಗು ನಾದಕ್ಕೆ ಮೀಸಲು. ತೊಟ್ಟಿಮನೆಯ ಪಡಸಾಲೆಯಲ್ಲಿ, ಹೆಂಚಿನ ಮನೆಯ ಉದ್ದನೆಯ ಕೋಣೆಯಲ್ಲಿ ಈ ಕೋನಗಳನ್ನು ಹೊಂದಿಸುವುದು ಕಷ್ಟ. ಆರ್‌ಸಿಸಿ ಮನೆಗಳ ಚೌಕ ಹಾಲ್ ಈ ವ್ಯವಸ್ಥೆಗೆ ಹೆಚ್ಚು ಒಗ್ಗಿತು. ಆದರೆ ಬರಿಯ ಗೋಡೆ ಮತ್ತು ನೆಲಹಾಸಿಲ್ಲದ ನೆಲದಿಂದ ಧ್ವನಿ ಮರುಮೊಳಗುವುದರಿಂದ ಪರದೆ, ಜಮಖಾನೆ ಹಾಕುವುದು ಒಳ್ಳೆಯದು.

ಕರೆಂಟಿನ ಏರಿಳಿತ ಇನ್ನೊಂದು ಸಮಸ್ಯೆ. ಸ್ಟೆಬಿಲೈಸರ್ ಇಲ್ಲದೆ ದುಬಾರಿ ಯಂತ್ರ ಇಡುವುದು ಅಪಾಯ. ಕರೆಂಟು ಹೋದರೆ ಡಿಸ್ಕ್ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಬಾಡಿಗೆ ಡಿಸ್ಕ್ ಆಗಿದ್ದರೆ ಹಿಂತಿರುಗಿಸುವುದೂ ತಡವಾಗುತ್ತಿತ್ತು. ಬಹುಡಿಸ್ಕ್ ಯಂತ್ರದಲ್ಲಿ ಚಲಿಸುವ ಭಾಗಗಳು ಹೆಚ್ಚು. ರಬ್ಬರ್ ಬೆಲ್ಟ್ ಗಡುಸಾಗುವುದು, ಗಾಲಿಯ ಹಲ್ಲು ಸವೆಯುವುದು, ಲೆನ್ಸಿನ ಮೇಲೆ ದೂಳು ಕೂರುವುದು ಸಾಮಾನ್ಯ ದೋಷಗಳು. ಲೆನ್ಸ್ ಒರೆಸಿ, ಬೆಲ್ಟ್ ಬದಲಿಸಿ ಇಂಥ ಯಂತ್ರಗಳ ಆಯುಸ್ಸು ಹೆಚ್ಚಿಸಿದವರು ತಾಲ್ಲೂಕು ಕೇಂದ್ರಗಳ ಟಿವಿ ರಿಪೇರಿ ಅಂಗಡಿಯವರು.

ಮನೆಯದೇ ಡಿಸ್ಕ್‌ಗಳು

ಅಂಗಡಿಯ ಚಿತ್ರಗಳಿಗಿಂತ ಮನೆಮನೆಯಲ್ಲಿ ಜೋಪಾನವಾಗಿ ಉಳಿದದ್ದು ‘ಮದುವೆ ಸೀಡಿ’. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ಎರಡು ಮೂರು ಡಿಸ್ಕ್‌ಗಳಲ್ಲಿ ಬರುತ್ತಿತ್ತು. ಹಳೇ ಮೈಸೂರಿನ ಊರುಗಳಲ್ಲಿ ಗ್ರಾಮಸ್ಥರೇ ಕಲಿತು ಆಡುವ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳೂ ಹೀಗೆ ಡಿಸ್ಕ್‌ಗೆ ಇಳಿದವು. ಮಲೆಯ ಮಹದೇಶ್ವರ, ಮಂಟೇಸ್ವಾಮಿ ಪರಂಪರೆಯ ಹಾಡುಗಳ ಡಿಸ್ಕ್‌ಗಳು ಜಾತ್ರೆಗಳಲ್ಲಿ ಮಾರಾಟವಾದವು. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿ ಕ್ಷೇತ್ರ ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯವರ ನೆಲೆ. ಹಾಡುವವರ ದನಿ, ನಾಟಕ ಆಡಿದ ಹಿರಿಯರ ಮುಖ ಈಗ ಬೇರೆಲ್ಲೂ ಸಿಗದು ಎಂಬ ಕಾರಣಕ್ಕೆ ಈ ಡಿಸ್ಕ್‌ಗಳು ಚಲನಚಿತ್ರದ ಡಿಸ್ಕ್‌ಗಳಿಗಿಂತ ಬೆಲೆಬಾಳುವ ದಾಖಲೆಗಳು.

ಇಳಿಮುಖ

ಬಹುಡಿಸ್ಕ್ ಯಂತ್ರದ ಅಗತ್ಯವನ್ನು ಮೊದಲು ಕಡಿಮೆ ಮಾಡಿದ್ದು ಡಿವಿಡಿಯೇ: ಎರಡು ಮೂರು ತಟ್ಟೆಯ ಚಿತ್ರ ಒಂದಕ್ಕೆ ಇಳಿಯಿತು. ಬಳಿಕ ನಾಲ್ಕೈದು ಚಿತ್ರಗಳನ್ನು ಒತ್ತಿ ತುಂಬಿದ ಡಿವಿಡಿ, ನೂರಾರು ಹಾಡುಗಳ ಎಂಪಿ3 ಡಿಸ್ಕ್ ಬಂದವು. ಇವುಗಳಲ್ಲಿ ಬಹುಪಾಲು ಕಳ್ಳಪ್ರತಿಗಳಾಗಿದ್ದು, ನಿರ್ಮಾಪಕರಿಗೆ ತೀವ್ರ ನಷ್ಟ ತಂದವು. ಗೂಂಡಾ ಕಾಯ್ದೆ ಎಂದು ಜನ ಕರೆಯುವ ಕರ್ನಾಟಕದ 1985ರ ಕಾಯ್ದೆಯ ವ್ಯಾಪ್ತಿಗೆ ಮುಂದೆ ವಿಡಿಯೋ ಮತ್ತು ಆಡಿಯೋ ಕಳ್ಳಪ್ರತಿಗಾರರನ್ನೂ ಸೇರಿಸಲಾಯಿತು. ಪ್ಲೇಯರ್‌ಗಳಿಗೆ ಯುಎಸ್‌ಬಿ ಕಿಂಡಿ ಬಂದ ಮೇಲೆ ಪೆನ್‌ಡ್ರೈವ್ ಡಿಸ್ಕ್‌ನ ಜಾಗ ಹಿಡಿಯಿತು. ಡಿಶ್ ಆಂಟೆನಾಗಳು ಕಾಡಂಚಿನ ಹಳ್ಳಿಗೂ ವಾಹಿನಿಗಳನ್ನು ತಂದವು. 2016ರಲ್ಲಿ ಜಿಯೋ ಆರಂಭವಾಗಿ ಅಗ್ಗದ ಡೇಟಾ ಸಿಕ್ಕಾಗ ಸಿನಿಮಾ ಮೊಬೈಲಿಗೆ ಸರಿಯಿತು. ದಿವಾಳಿ ಪ್ರಕ್ರಿಯೆಗೆ ಸಿಲುಕಿದ ಮೋಸರ್ ಬೇರ್ ಅನ್ನು ಮುಚ್ಚುವ ಆದೇಶ 2018ರಲ್ಲಿ ಬಂತು. ಡಿವಿಡಿ ಬಾಡಿಗೆಯಿಂದಲೇ ಬೆಳೆದ ಅಮೆರಿಕದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಸೇವೆ ನಿಲ್ಲಿಸಿತು.

ಮಹತ್ವ ಮತ್ತು ಸಂರಕ್ಷಣೆ

ಈ ಸೀಮೆಯ ನಿರ್ದೇಶಕರ ಕೃತಿಗಳಿಗೆ ಹೊಸ ತಂತ್ರಜ್ಞಾನದಿಂದ ಮರುಜೀವ ಸಿಕ್ಕಿದೆ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತುಂಬಿಸಿಕೊಂಡು, ‘ನಾಗರಹಾವು’ 2018ರಲ್ಲಿ ಹೊಸ ಧ್ವನಿ ಸಂಯೋಜನೆಯೊಂದಿಗೆ ಮತ್ತೆ ತೆರೆಕಂಡವು. ಆದರೆ ಎಲ್ಲ ಹಳೆಯ ಚಿತ್ರಗಳಿಗೂ ಆ ಭಾಗ್ಯವಿಲ್ಲ. ಸ್ಟ್ರೀಮಿಂಗ್ ಸೇವೆಯಲ್ಲಿರುವ ಚಿತ್ರ ಒಪ್ಪಂದ ಮುಗಿದ ದಿನ ಮಾಯವಾಗಬಹುದು. ಮನೆಯ ಡಿಸ್ಕ್ ಹಾಗಲ್ಲ.

ಡಿಸ್ಕ್ ಕೂಡ ಶಾಶ್ವತವಲ್ಲ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕ್‌ನ ಅಲ್ಯೂಮಿನಿಯಂ ಪದರ ಗಾಳಿ, ತೇವ ತಾಗಿದರೆ ಕೆಡುತ್ತದೆ. ಸ್ಟುಡಿಯೋದಲ್ಲಿ ಬರೆದ ಮದುವೆ ಡಿಸ್ಕ್‌ನಲ್ಲಿ ಮಾಹಿತಿ ನಿಲ್ಲುವುದು ಬಣ್ಣದ ರಾಸಾಯನಿಕ ಪದರದಲ್ಲಿ. ಬಿಸಿಲು ಮತ್ತು ಶಾಖಕ್ಕೆ ಅದು ಇನ್ನೂ ಬೇಗ ಮಾಸುತ್ತದೆ. ಡಿಸ್ಕನ್ನು ಅಂಚಿನಲ್ಲಿ ಹಿಡಿಯುವುದು, ನೇರವಾಗಿ ನಿಲ್ಲಿಸಿ ತಂಪಾದ ಒಣ ಜಾಗದಲ್ಲಿಡುವುದು, ನಡುವಿನಿಂದ ಅಂಚಿನ ಕಡೆಗೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದು ಒಳ್ಳೆಯ ಕ್ರಮ. ಮನೆಯಲ್ಲಿ ಕೆಲಸ ಮಾಡುವ ಪ್ಲೇಯರ್ ಇದ್ದರೆ ಅದನ್ನು ಗುಜರಿಗೆ ಹಾಕಬಾರದು. ಮದುವೆ, ನಾಟಕ, ಹಾಡುಗಾರಿಕೆಯ ಡಿಸ್ಕ್‌ಗಳನ್ನು ಅವು ಓಡುತ್ತಿರುವಾಗಲೇ ಹಾರ್ಡ್ ಡಿಸ್ಕ್‌ಗೆ ನಕಲಿಸಿ, ಎರಡು ಕಡೆ ಇಟ್ಟು, ಮೇಲೆ ಊರು, ವರ್ಷ, ಕಲಾವಿದರ ಹೆಸರು ಬರೆದಿಡುವುದು ಪ್ರತಿ ಕುಟುಂಬವೂ ಈಗಲೇ ಮಾಡಬೇಕಾದ ಕೆಲಸ.