ಮಾರದ ನೂಲಿಗೆ ಬೆಲೆ ಕಟ್ಟಿದ ಕಾಲ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರೈಲಿಗೆ ಕಡಕೊಳ ದಾಟಿದರೆ ತಾಂಡವಪುರ. ನಂಜನಗೂಡಿನ ಸುಜಾತಾ ಮಿಲ್ ಕಾಲದಿಂದಲೇ ನೂಲಿನ ಕಸುಬು ಕಂಡ ಸೀಮೆಯಿದು. 1990ರ ದಶಕದ ಕೊನೆಗೆ ತಾಂಡವಪುರದಲ್ಲೂ ರೀಡ್ ಅಂಡ್ ಟೇಲರ್ ಸೂಟಿಂಗ್ ಗಿರಣಿ ತಲೆಯೆತ್ತಿತು. ಇಂಥ ಸೀಮೆಯ ಲೆಕ್ಕದ ಕೋಣೆಗಳಿಗೆ ಚೆನ್ನಾಗಿ ಗೊತ್ತಿದ್ದ ತೊಡಕೊಂದಿತ್ತು.

ನೂಲುವುದೂ ನೇಯುವುದೂ ಒಂದೇ ಕಾಂಪೌಂಡಿನೊಳಗೆ ನಡೆಯುವ ಗಿರಣಿಯಲ್ಲಿ ನೂಲು ಗೇಟು ದಾಟುವುದಿಲ್ಲ. ಕೋನುಗಳು ತಳ್ಳುಗಾಡಿಯಲ್ಲಿ ಮಗ್ಗದ ವಿಭಾಗಕ್ಕೆ ಹೋಗುತ್ತವೆ. ಕೊಳ್ಳುವವನಿಲ್ಲ, ಬಿಲ್ ಇಲ್ಲ. ಆದರೆ 1944ರ ಕಾಯ್ದೆಯ ಎಕ್ಸೈಸ್ ಸುಂಕ ಬೀಳುತ್ತಿದ್ದುದು ಮಾರಾಟದ ಮೇಲಲ್ಲ, ತಯಾರಿಕೆಯ ಮೇಲೆ.

ಅರ್ಧ ದಾರಿಯಲ್ಲಿರುವ ಸರಕು ‘ತಯಾರಾದ ಸರಕು’ ಆಗುವುದು ಯಾವಾಗ? ದೆಹಲಿ ಕ್ಲಾತ್ ಮಿಲ್ಸ್ ವನಸ್ಪತಿ ತಯಾರಿಸುವಾಗ ನಡುವೆ ಸಂಸ್ಕರಿತ ಎಣ್ಣೆ ಹುಟ್ಟುತ್ತದೆ, ಅದಕ್ಕೂ ಸುಂಕ ಕೊಡಿ ಎಂದಿತು ಇಲಾಖೆ. ವಾಸನೆ ತೆಗೆಯದ ಎಣ್ಣೆಯನ್ನು ಪೇಟೆ ಸಂಸ್ಕರಿತ ಎಣ್ಣೆಯೆಂದು ಒಪ್ಪುವುದಿಲ್ಲ ಎಂದು 1962ರಲ್ಲಿ ಸುಪ್ರೀಂ ಕೋರ್ಟ್ ಆ ಬೇಡಿಕೆಯನ್ನು ತಳ್ಳಿಹಾಕಿತು. ನೂಲಿನ ಪಾಡು ಬೇರೆ. ಅದಕ್ಕೆ ಪೇಟೆಯಿದೆ.

1982ರ ಫೆಬ್ರವರಿಯಲ್ಲಿ ಸರ್ಕಾರ ನಿಯಮ ತಿದ್ದಿತು: ಕಾರ್ಖಾನೆಯೊಳಗೆ ಬಳಸಿದ ಸರಕೂ ಹೊರಗೆ ಸಾಗಿಸಿದಂತೆಯೇ. ಅದೂ 1944ರಿಂದಲೇ ಜಾರಿ! ಕಾನ್ಪುರದ ಜೆ.ಕೆ. ಕಾಟನ್ ಮಿಲ್ ತನ್ನ ನೂಲಿಗಾಗಿ ಕೋರ್ಟಿನ ಮೆಟ್ಟಿಲೇರಿತು. 1987ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದರೂ, ಹಳೆಯ ಬಾಕಿಗೆ ಕಾಯ್ದೆಯ ಕಾಲಮಿತಿ ಅನ್ವಯಿಸುತ್ತದೆ ಎಂದಿತು. ಗಿರಣಿಗಳ ಪಾಲಿಗೆ ಆ ರಕ್ಷಣೆ ನ್ಯಾಯವಾದದ್ದೇ.

ಉಳಿದದ್ದು ಬೆಲೆಯ ಜಗಳ. 1975ರ ನಿಯಮದಂತೆ ಮೊದಲು ಅಂಥದೇ ಸರಕಿನ ಪೇಟೆ ಬೆಲೆ ನೋಡಬೇಕು. ಸಿಗದಿದ್ದರೆ ತಯಾರಿಕೆಯ ವೆಚ್ಚ, ಜೊತೆಗೆ ಮಾರಿದ್ದರೆ ಸಿಗಬಹುದಾಗಿದ್ದ ಲಾಭ. ನಡೆಯದ ಮಾರಾಟದ ಲಾಭ ಎಷ್ಟೆಂದು ಯಾರು ಹೇಳಬೇಕು? 2000ದ ಜುಲೈನಲ್ಲಿ ಬಂದ ಹೊಸ ನಿಯಮ ಒಂದೇ ಅಂಕಿ ಹಾಕಿತು: ವೆಚ್ಚದ ಶೇ 115. 2003ರ ಆಗಸ್ಟಿನಲ್ಲಿ ಅದು ಶೇ 110ಕ್ಕೆ ಇಳಿಯಿತು. ಕೆ.ಜಿ. ನೂಲಿಗೆ 400 ರೂಪಾಯಿ ವೆಚ್ಚವೆಂದಿಟ್ಟುಕೊಂಡರೆ, ಸುಂಕ ಹಾಕುವ ಬೆಲೆ 460ರಿಂದ 440ಕ್ಕೆ ಬಂತು.

ಆ 400ರೊಳಗೆ ಏನೇನು ಸೇರಬೇಕು? ಅದೇ ವರ್ಷ ವೆಚ್ಚ ಲೆಕ್ಕಿಗರ ಸಂಸ್ಥೆಯ ‘ಸಿಎಎಸ್-4’ ಮಾನದಂಡವನ್ನು ಇಲಾಖೆ ಒಪ್ಪಿಕೊಂಡಿತು. ಉಣ್ಣೆ, ಕೂಲಿ, ಕರೆಂಟು, ಯಂತ್ರದ ಸವಕಳಿ ಒಳಗೆ. ಸಾಲದ ಬಡ್ಡಿ, ಮಾರಾಟದ ಖರ್ಚು ಹೊರಗೆ. ರದ್ದಿ ಮಾರಿ ಬಂದ ಹಣ ಕಳೆಯಬೇಕು. ಅಧಿಕಾರಿಯ ಅಂದಾಜಿಗಿಂತ ಗಿರಣಿಯ ವೆಚ್ಚದ ಪುಸ್ತಕಕ್ಕೆ ತೂಕ ಬಂದದ್ದು ಈ ಇತಿಹಾಸದ ದೊಡ್ಡ ಗಳಿಕೆ.

2017ರ ಜುಲೈ 1ರಂದು ಜಿಎಸ್‌ಟಿ ಬಂದು, ತೆರಿಗೆ ತಯಾರಿಕೆಯಿಂದ ಪೂರೈಕೆಗೆ ಸರಿಯಿತು. ಒಂದೇ ಕಾಂಪೌಂಡಿನಲ್ಲಿ ಮಗ್ಗಕ್ಕೆ ಹೋಗುವ ನೂಲಿಗೆ ಈಗ ತೆರಿಗೆಯಿಲ್ಲ. ಅದೇ ಕಂಪನಿ ತಮಿಳುನಾಡಿನ ತನ್ನ ಘಟಕಕ್ಕೆ ನೂಲು ಕಳಿಸಿದರೆ ಮಾತ್ರ ಬೆಲೆ ಕಟ್ಟಬೇಕು. ಪೇಟೆ ಬೆಲೆ ಗೊತ್ತಾಗದ ಕಡೆ ಬಳಸಲು ಜಿಎಸ್‌ಟಿಯ 30ನೇ ನಿಯಮವೂ ವೆಚ್ಚದ ಶೇ 110ನ್ನೇ ಇಟ್ಟುಕೊಂಡಿದೆ.